ಐದು ಗಂಟೆಗೆ ಹಡಗು ಹೊರಡ್ತದೆ ಅಂದ್ರೆ ನಿಮ್ಮ ವಾಚಿನಲ್ಲಿ ಎಷ್ಟು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮಳೆಗಾಲ ಮುಗಿದು ಕ್ರೂಸ್ ಹಡಗುಗಳ ಸೀಸನ್ ಹತ್ತಿರ ಬಂತು ಅಂದ್ರೆ ನನಗೆ ಬರುವ ಮೆಸೇಜುಗಳಲ್ಲಿ ಎರಡು ಪ್ರಶ್ನೆ ಖಾಯಂ. ಒಂದು, ಪಣಂಬೂರಿಗೆ ದೊಡ್ಡ ಹಡಗು ಬರ್ತದಂತಲ್ಲ, ಅದು ಹೊರಡುವುದನ್ನು ನೋಡಲು ಎಷ್ಟು ಗಂಟೆಗೆ ಬಂದ್ರೆ ಆಗ್ತದೆ? ಎರಡನೆಯದು, ನಮ್ಮ ಹುಡುಗ ಆ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಊರಿಗೆ ಬಂದಾಗ ಮನೆಗೆ ಕರ್ಕೊಂಡು ಬರಬಹುದಾ?

ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿ ಉಂಟು. ಹಡಗು ಹೊರಡುವ ಸಮಯ ಅಂತ ಪೇಪರಿನಲ್ಲಿ ಬರ್ತದಲ್ಲ, ಅದು ನಮ್ಮ ಸಮಯ ಅಲ್ಲ. ಅದು ಹಡಗಿನ ಹಗ್ಗ ಬಿಚ್ಚುವ ಸಮಯ. ನಮ್ಮ ಲೆಕ್ಕ ಅಲ್ಲಿಂದ ಹಿಂದಕ್ಕೆ ಹೋಗಬೇಕು. ನಮ್ಮ ಮನೆಯವರು ಇದನ್ನು ಕಲಿತದ್ದು ಕೂಳೂರು ಸೇತುವೆ ಮೇಲೆ.

ನನ್ನ ದೊಡ್ಡಮ್ಮನ ಮಗ, ನಾನು ಅಣ್ಣ ಅಂತಲೇ ಕರೆಯುವುದು, ಕ್ರೂಸ್ ಹಡಗಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದ. ಒಮ್ಮೆ ಕಾಂಟ್ರಾಕ್ಟಿಗೆ ಹೋದರೆ ಏಳೆಂಟು ತಿಂಗಳು ಮನೆ ಕಡೆ ತಲೆ ಹಾಕಲಿಕ್ಕಿಲ್ಲ. ಆ ವರ್ಷ ಅವನ ಹಡಗು ಮಂಗಳೂರಿಗೆ ಬರುವುದಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡ್ತದೆ ಅಂತ ಸುದ್ದಿ. ದೊಡ್ಡಮ್ಮ ಸರಳವಾಗಿ ಲೆಕ್ಕ ಹಾಕಿದರು, ಒಂಬತ್ತು ಗಂಟೆ ಮಗ ನಮ್ಮವ. ಹಿಂದಿನ ದಿನವೇ ನೀರುದೋಸೆಗೆ ಅಕ್ಕಿ ನೆನೆಸಿ, ಬಂಗುಡೆ ತರಿಸಿ, ಕದ್ರಿಯ ಮನೆಯಲ್ಲಿ ಹಬ್ಬದ ಹಾಗೆ.

ಆದದ್ದು ಹೀಗೆ. ಹಡಗು ಎಂಟಕ್ಕೆ ಕಟ್ಟಿಕೊಂಡಿತು, ಸರಿ. ಆದರೆ ಪ್ರಯಾಣಿಕರು ಇಳಿದು ಹೋದ ಮೇಲೆ ತಾನೇ ರೂಮ್ ಕ್ಲೀನ್ ಮಾಡುವುದು? ಅಣ್ಣನ ಶಿಫ್ಟ್ ಮುಗಿಯುವಾಗ ಹನ್ನೊಂದೂವರೆ. ಮತ್ತೆ ಸಿಬ್ಬಂದಿಗೆ ಹೊರಗೆ ಹೋಗಲು ಇಮಿಗ್ರೇಷನ್‌ನವರ ಪಾಸ್ ಬೇಕು, ತಾನು ಹುಟ್ಟಿದ ಊರೇ ಆದರೂ. ನಮಗೆ ಬಂದರಿನ ಒಳಗೆ ಪ್ರವೇಶ ಇಲ್ಲ, ಗೇಟಿನಲ್ಲಿ ಸಿಐಎಸ್‌ಎಫ್ ಕಾವಲು. ಹಾಗಾಗಿ ಹೊರಗೆ ಕಾದೆವು. ಅವನು ಗೇಟಿಗೆ ಬಂದಾಗ ಹನ್ನೆರಡೂಕಾಲು. ಬಂದವನೇ ಹೇಳಿದ ಮೊದಲ ಮಾತು, ‘ಅಮ್ಮ, ನಾನು ಮೂರೂವರೆಗೆ ಹಡಗಿನ ಒಳಗಿರಬೇಕು.’

ದೊಡ್ಡಮ್ಮನಿಗೆ ನಂಬಿಕೆಯೇ ಆಗಲಿಲ್ಲ. ಐದಕ್ಕಲ್ವಾ ಹೊರಡುವುದು?

ಈಗ ಆ ಲೆಕ್ಕ ಬಿಡಿಸಿ ಹೇಳ್ತೇನೆ. ಹಗ್ಗ ಬಿಚ್ಚುವುದು ಐದಕ್ಕೆ. ಪ್ರಯಾಣಿಕರು ಅದಕ್ಕಿಂತ ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲೇ ಹಡಗಿನೊಳಗೆ ಇರಬೇಕು, ಅದಕ್ಕೆ ‘ಆಲ್ ಅಬೋರ್ಡ್’ ಸಮಯ ಅಂತಾರೆ. ಪ್ರಯಾಣಿಕರು ಹತ್ತುವಾಗ ಅವರನ್ನು ನೋಡಿಕೊಳ್ಳುವವರು ಮೊದಲೇ ಸಿದ್ಧ ಇರಬೇಕಲ್ಲ, ಹಾಗಾಗಿ ಸಿಬ್ಬಂದಿಯ ಸಮಯ ಇನ್ನೂ ಹಿಂದೆ. ಬಂದರಿನ ಗೇಟಿನಿಂದ ಹಡಗಿನವರೆಗೆ ನಡೆದುಕೊಂಡು ಹೋಗುವ ಹಾಗಿಲ್ಲ, ಒಳಗಿನ ಬಸ್ಸಿಗೆ ಕಾಯಬೇಕು, ತಪಾಸಣೆಗೆ ನಿಲ್ಲಬೇಕು. ಅದಕ್ಕೊಂದು ಇಪ್ಪತ್ತು ನಿಮಿಷ ಇಡಿ. ಆಮೇಲೆ ರಸ್ತೆ. ನಮ್ಮ ಒಂಬತ್ತು ಗಂಟೆ ಕರಗಿ ಉಳಿದದ್ದು ಮೂರಕ್ಕಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಎರಡು ಕಡೆಯ ಪ್ರಯಾಣ ಬೇರೆ. ಮನೆಯಲ್ಲಿ ಅವನು ಕೂತದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಎಂಟು ನೀರುದೋಸೆ ತಿಂದ, ದೊಡ್ಡಮ್ಮ ಎಣಿಸಿದ್ದಾರೆ.

ವಿದೇಶಿ ಪ್ರಯಾಣಿಕರಿಗೂ ಇದೇ ಕಥೆ. ಅವರನ್ನು ಸಾಮಾನ್ಯವಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಹೀಗೆ ಸುತ್ತಿಸ್ತಾರೆ. ಇದರಲ್ಲಿ ಎರಡು ದಾರಿ ಉಂಟು. ಹಡಗಿನವರೇ ಮಾರುವ ಟೂರಿನ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯ್ತದೆ, ಯಾಕೆಂದರೆ ಜವಾಬ್ದಾರಿ ಅವರದ್ದು. ದುಡ್ಡು ಉಳಿಸಲಿಕ್ಕೆ ಹೊರಗೆ ಟ್ಯಾಕ್ಸಿ ಹಿಡಿದವರಿಗೆ ಕಾಯುವುದಿಲ್ಲ. ಅಂಥ ಸಮಯದಲ್ಲಿ ಟ್ಯಾಕ್ಸಿ ಚಾಲಕನ ತಲೆಬಿಸಿ ಕೇಳಬೇಡಿ. ಮೂಡುಬಿದಿರೆಯಿಂದ ವಾಪಸ್ ಬರುವಾಗ ಅನುಭವ ಇರುವ ಚಾಲಕರು ನಂತೂರು, ಕೊಟ್ಟಾರ ಚೌಕಿ ಕಡೆ ಬರುವುದೇ ಇಲ್ಲ. ಕಿನ್ನಿಗೋಳಿ ಮೇಲೆ ಮೂಲ್ಕಿಗೆ ಇಳಿದು, ಸುರತ್ಕಲ್ ಕಡೆಯಿಂದ ಪಣಂಬೂರಿಗೆ ಬರ್ತಾರೆ. ಕೂಳೂರು ತಪ್ಪಿತು ಅಂದ್ರೆ ಅರ್ಧ ಗೆದ್ದ ಹಾಗೆ.

ನಿಜವಾಗಿಯೂ ಹಡಗು ತಪ್ಪಿದರೆ ಏನಾಗ್ತದೆ? ಹತ್ತುವಾಗ, ಇಳಿಯುವಾಗ ಪ್ರತಿಯೊಬ್ಬರ ಕಾರ್ಡ್ ಸ್ಕ್ಯಾನ್ ಆಗ್ತದೆ, ಹಾಗಾಗಿ ಯಾರು ಬಂದಿಲ್ಲ ಅಂತ ಅವರಿಗೆ ಆ ಕ್ಷಣಕ್ಕೆ ಗೊತ್ತು. ಮೈಕಿನಲ್ಲಿ ಹೆಸರು ಕೂಗ್ತಾರೆ. ಬರದಿದ್ದರೆ ಅವರ ಪಾಸ್‌ಪೋರ್ಟ್ ತೆಗೆದು ಬಂದರಿನ ಏಜೆಂಟಿನ ಕೈಗೆ ಕೊಟ್ಟು ಹಡಗು ಹೊರಟು ಹೋಗ್ತದೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಬೇಕು. ಪ್ರಯಾಣಿಕನಿಗೆ ಇದು ದುಡ್ಡಿನ ನಷ್ಟ. ಸಿಬ್ಬಂದಿಗೆ ಕೆಲಸವೇ ಹೋಗಬಹುದು.

ಒಂದು ಗಂಟೆ ಕಾದರೆ ಹಡಗಿಗೆ ಏನು ಗಂಟು ಹೋಗ್ತದೆ ಅಂತ ನನಗೂ ಸಿಟ್ಟು ಬಂದಿತ್ತು. ಆಮೇಲೆ ಬಿಕಾಂ ಓದಿದ ಬುದ್ಧಿ, ಲೆಕ್ಕ ಹಾಕಿ ನೋಡಿದೆ. ಮಂಗಳೂರಿನಿಂದ ಕೊಚ್ಚಿಗೆ ಸಮುದ್ರದಲ್ಲಿ ಸುಮಾರು 350 ಕಿಲೋಮೀಟರ್. ಸಂಜೆ ಐದಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ ಮುಟ್ಟಬೇಕಾದರೆ 13 ಗಂಟೆ, ಗಂಟೆಗೆ 27 ಕಿಲೋಮೀಟರ್ ವೇಗ ಸಾಕು. ಒಂದು ಗಂಟೆ ತಡವಾದರೆ 29 ಬೇಕು. ಎರಡೇ ಕಿಲೋಮೀಟರ್ ಅಂತ ಕಾಣ್ತದೆ. ಆದರೆ ನೀರಿನಲ್ಲಿ ವೇಗ ಹೆಚ್ಚಿಸಿದ ಹಾಗೆ ಇಂಧನ ಅದರ ದುಪ್ಪಟ್ಟು ತ್ರಿಪಟ್ಟು ಪ್ರಮಾಣದಲ್ಲಿ ಏರ್ತದೆ. ಹಡಗಿನವರ ಅಂದಾಜು ಸೂತ್ರದಲ್ಲಿ ನೋಡಿದರೆ ಅದೇ ದೂರಕ್ಕೆ ಶೇಕಡ 17ರಷ್ಟು ಹೆಚ್ಚು ಎಣ್ಣೆ. ಜೊತೆಗೆ ಇಲ್ಲಿ ಪೈಲಟ್ ಬುಕ್ ಆಗಿದ್ದಾರೆ, ಟಗ್‌ಗಳು ಬುಕ್ ಆಗಿವೆ, ಅಲ್ಲಿ ಕೊಚ್ಚಿಯಲ್ಲಿ ಜಾಗ ಬುಕ್ ಆಗಿದೆ. ಒಬ್ಬ ಹೌಸ್‌ಕೀಪಿಂಗ್ ಹುಡುಗನಿಗೆ ಯಾರು ಕಾಯ್ತಾರೆ?

ಪೈಲಟ್ ಅಂದ್ರೆ ವಿಮಾನದವರಲ್ಲ. ಪ್ರತಿ ಬಂದರಿಗೂ ಅದರದ್ದೇ ಪೈಲಟ್‌ಗಳಿರ್ತಾರೆ, ಆ ನೀರಿನ ಗುಣ ಬಲ್ಲವರು. ನಮ್ಮ ಪಣಂಬೂರಿನ ಬಂದರು ಸಮುದ್ರದ ಬದಿಯ ನೆಲವನ್ನು ಅಗೆದು ಮಾಡಿದ್ದು, 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಅಳಿವೆಬಾಗಿಲಿನ ಹಳೆ ಬಂದರಿಗೆ ಇಷ್ಟು ದೊಡ್ಡ ಹಡಗು ಬರಲಿಕ್ಕೆ ನೀರೇ ಸಾಲದು. ಪಣಂಬೂರಿನಲ್ಲಿ ಹಡಗು ಕಟ್ಟುವ ಜಾಗ ಒಳಗೆ ಉಂಟು. ಬಂದಾಗಲೇ ತಿರುಗಿಸಿ ಕಟ್ಟಿರದಿದ್ದರೆ ಹೊರಡುವಾಗ ಅಲ್ಲೇ ಒಳಗೆ ನಿಧಾನವಾಗಿ ತಿರುಗಿಸಬೇಕು. ಆಮೇಲೆ ಎರಡು ಬ್ರೇಕ್‌ವಾಟರ್ ನಡುವಿನಿಂದ ಹೊರಗೆ, ಅಲ್ಲಿಂದ ಏಳು ಕಿಲೋಮೀಟರಿಗೂ ಉದ್ದದ ಅಗೆದ ಕಾಲುವೆಯಲ್ಲಿ ಪಶ್ಚಿಮಕ್ಕೆ. ಹೊರಗೆ ತಲುಪಿದ ಮೇಲೆ ಪೈಲಟ್ ಹಡಗಿನ ಬದಿಗೆ ಇಳಿಬಿಟ್ಟ ಹಗ್ಗದ ಏಣಿಯಲ್ಲಿ ಇಳಿದು ಸಣ್ಣ ದೋಣಿಗೆ ಕಾಲಿಡ್ತಾರೆ, ಹಡಗು ಚಲಿಸುತ್ತಿರುವಾಗಲೇ. ಮೇಲೆ ಡೆಕ್‌ನಲ್ಲಿ ಸಂಗೀತ ಹಾಕಿ ಜನ ಕುಣಿಯುತ್ತಿರ್ತಾರೆ, ಕೆಳಗೆ ಒಬ್ಬ ಮನುಷ್ಯ ಏಣಿಯಲ್ಲಿ ನೇತಾಡ್ತಿರ್ತಾರೆ. ನೋಡುವುದಾದರೆ ಅದನ್ನು ನೋಡಬೇಕು, ದುರ್ಬೀನು ಇದ್ದರೆ ಮಾತ್ರ.

ಹಾಗಾಗಿ ನೋಡಲು ಬರುವವರಿಗೆ: ಹೊರಡುವ ಸಮಯ ಐದು ಅಂದ್ರೆ ಪಣಂಬೂರು ಬೀಚಿನಲ್ಲಿ ನಿಂತವರಿಗೆ ಹಡಗು ಪೂರ್ತಿ ಕಾಣುವಾಗ ಐದೂವರೆ ದಾಟಬಹುದು. ಬೀಚ್ ಬಂದರಿನ ದಕ್ಷಿಣಕ್ಕೆ ಉಂಟು, ಹಡಗು ನಿಮ್ಮ ಬಲಗಡೆಯಿಂದ ಹೊರಬರ್ತದೆ. ಹೊರಗೆ ಹೋಗಿ ಎಡಕ್ಕೆ ತಿರುಗಿದರೆ ಕೊಚ್ಚಿ ಕಡೆ, ಬಲಕ್ಕೆ ತಿರುಗಿದರೆ ಗೋವಾ ಕಡೆ. ಮೂರು ಸಣ್ಣ ಹಾರ್ನ್ ಕೇಳಿದರೆ ‘ನನ್ನ ಎಂಜಿನ್ ಹಿಂದಕ್ಕೆ ಓಡುತ್ತಿದೆ’ ಅಂತ ಬೇರೆ ಹಡಗುಗಳಿಗೆ ಸೂಚನೆ. ಉದ್ದದ ಹಾರ್ನ್‌ಗಳಲ್ಲಿ ಕೆಲವು ಬರೀ ಟಾಟಾ ಹೇಳಲಿಕ್ಕೆ.

ನೀವೇ ಮುಂಬೈಯಿಂದಲೋ ಕೊಚ್ಚಿಯಿಂದಲೋ ಕ್ರೂಸ್ ಹತ್ತುವವರಾದರೆ ಬೇಗ ಬೇಗ ಮೂರು ಮಾತು. ಹತ್ತಿದ ಕೂಡಲೇ ಮಸ್ಟರ್ ಡ್ರಿಲ್ ಅಂತ ಸುರಕ್ಷತಾ ಅಭ್ಯಾಸ ಇರ್ತದೆ, ಊಟದ ಕಡೆ ಓಡಿ ಅದನ್ನು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಪ್ರಯಾಣಿಕರಿಗೆ ಆಗ ಡ್ರಿಲ್ ಆಗಿರಲೇ ಇಲ್ಲ. ಅದರ ನಂತರವೇ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು ಅಂತ ನಿಯಮ ಬದಲಾದದ್ದು. ಏಳು ಸಣ್ಣ, ಒಂದು ಉದ್ದ ಹಾರ್ನ್ ಬಂದರೆ ತುರ್ತು ಪರಿಸ್ಥಿತಿ, ನೆನಪಿಡಿ. ಎರಡನೆಯದು, ದಡ ಮರೆಯಾಗುವ ಮೊದಲು ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕಿಗೆ ಅದಾಗಿಯೇ ಸೇರಿಕೊಂಡರೆ ಬಿಲ್ ನೋಡಿ ತಲೆ ತಿರುಗ್ತದೆ. ಮೂರನೆಯದು, ವಿದೇಶದ ಬಂದರುಗಳಿಗೆ ಹೋಗುವ ಹಡಗಾದರೆ ‘ಹಡಗಿನ ಸಮಯ’ ಯಾವುದು ಅಂತ ಕೇಳಿ. ಮಾಲ್ಡೀವ್ಸ್ ನಮಗಿಂತ ಅರ್ಧ ಗಂಟೆ ಹಿಂದೆ. ಅರ್ಧ ಗಂಟೆಯ ಬೆಲೆ ಈಗಾಗಲೇ ಹೇಳಿದ್ದೇನೆ.

ಅಣ್ಣನ ಕಥೆ ಅರ್ಧಕ್ಕೆ ನಿಂತಿತ್ತಲ್ಲ. ಎರಡು ಗಂಟೆ ಇಪ್ಪತ್ತಕ್ಕೆ ಕದ್ರಿ ಬಿಟ್ಟೆವು. ಕಾರು ನಾನೇ ಓಡಿಸಿದ್ದು, ದೊಡ್ಡಮ್ಮ ಹಿಂದೆ, ತೊಡೆ ಮೇಲೆ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ಮತ್ತು ಒಂದು ಸ್ಟೀಲ್ ಡಬ್ಬಿ. ಬೇಯಿಸಿದ್ದನ್ನು ಹಡಗಿನೊಳಗೆ ಬಿಡುವುದಿಲ್ಲ ಅಂತ ಅವನು ಎಷ್ಟು ಹೇಳಿದರೂ ಡಬ್ಬಿ ಬಂದಿತ್ತು. ಕೊಟ್ಟಾರ ಚೌಕಿ ದಾಟಿದ ಮೇಲೆ ನಿಂತೆವು. ಕೂಳೂರು ಸೇತುವೆ ಮೇಲೆ ಒಂದು ಲಾರಿ ಕೆಟ್ಟು ಹೋಗಿತ್ತಂತೆ. ಎರಡೂ ಐವತ್ತಾಯಿತು, ಐವತ್ತೈದಾಯಿತು, ಕಾರು ಅಲ್ಲಾಡ್ತಿಲ್ಲ. ಅಣ್ಣ ಮಾತಾಡುವುದು ನಿಲ್ಲಿಸಿದ. ಮೂರು ಗಂಟೆಗೆ ಬಾಗಿಲು ತೆಗೆದು ಇಳಿದ, ‘ಅಮ್ಮ, ಬರ್ತೇನೆ’ ಅಂದ, ಚಿಪ್ಸ್ ಮಾತ್ರ ಹಿಡ್ಕೊಂಡು ವಾಹನಗಳ ನಡುವೆ ಓಡಿದ. ಮುಂದೆ ಯಾರೋ ಗುರುತಿಲ್ಲದ ಹುಡುಗನ ಬೈಕಿಗೆ ಕೈ ಹಿಡಿದದ್ದು ಕಂಡಿತು. ಕಾಲು ಹಿಡಿಯಲಿಕ್ಕೆ, ಆಶೀರ್ವಾದಕ್ಕೆ, ಯಾವುದಕ್ಕೂ ಸಮಯ ಇರಲಿಲ್ಲ.

ಮೂರು ಇಪ್ಪತ್ತಾರಕ್ಕೆ ಮೆಸೇಜ್ ಬಂತು, ‘ಒಳಗಿದ್ದೇನೆ.’

ವಾಪಸ್ ಮನೆಗೆ ಹೋಗುವ ಅಂತ ನಾನು ಹೇಳಿದೆ. ದೊಡ್ಡಮ್ಮ ಕೇಳಲಿಲ್ಲ, ಬೀಚಿಗೆ ಬಿಡು ಅಂದರು. ಐದೂ ನಲವತ್ತಕ್ಕೆ ಹಡಗು ಹೊರಬಂತು, ಅಷ್ಟು ದೊಡ್ಡದು, ಬಿಳಿ. ಅವನ ರೂಮ್ ನೀರಿನ ಮಟ್ಟಕ್ಕಿಂತ ಕೆಳಗೆ, ಅದಕ್ಕೆ ಕಿಟಕಿಯೇ ಇಲ್ಲ, ಅದೂ ಅಲ್ಲದೆ ಆ ಹೊತ್ತಿಗೆ ಅವನು ಎರಡನೇ ಶಿಫ್ಟಿನಲ್ಲಿರ್ತಾನೆ ಅಂತ ನನಗೆ ಗೊತ್ತಿತ್ತು. ದೊಡ್ಡಮ್ಮ ಕೈ ಬೀಸ್ತಾ ಇದ್ದರು, ನಾನು ಹೇಳಲಿಲ್ಲ. ಹಡಗು ಎಡಕ್ಕೆ ತಿರುಗಿ ಸಣ್ಣದಾದ ಮೇಲೆ ಡಬ್ಬಿ ನನ್ನ ಕೈಗೆ ಕೊಟ್ಟರು. ಬಂಗುಡೆ ಪುಳಿಮುಂಚಿ ತಣ್ಣಗಾಗಿತ್ತು. ಅಲ್ಲೇ ಮರಳಿನ ಮೇಲೆ ಕೂತು ಇಬ್ಬರೂ ತಿಂದೆವು.

ಈ ಸೀಸನ್‌ನಲ್ಲಿ ನಿಮ್ಮ ಮನೆಯವರು ಯಾರಾದರೂ ಬರುವುದಿದ್ದರೆ ಮೊದಲು ಅವರ ‘ಒಳಗಿರಬೇಕಾದ ಸಮಯ’ ಕೇಳಿ, ಮತ್ತೆ ಊಟವನ್ನು ಬೈಕಂಪಾಡಿ, ಪಣಂಬೂರು ಆಸುಪಾಸಿನಲ್ಲೇ ಇಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗುವ, ನಮಸ್ಕಾರ.