ಸಣ್ಣ ನಡುಕ ದೊಡ್ಡದನ್ನು ತಪ್ಪಿಸುತ್ತದೆಯೇ?

‘ಆಗಾಗ ಸಣ್ಣಗೆ ನಡುಗಿದರೆ ಒಳ್ಳೆಯದೇ, ಒಳಗಿನ ಒತ್ತಡ ಇಳಿದುಹೋಗುತ್ತದೆ’ ಎಂಬ ಮಾತು ಭೂಮಿ ನಡುಗಿದ ಊರುಗಳಲ್ಲಿ ಕೇಳಿಬರುತ್ತದೆ. ಕಿವಿಗೆ ಹಿತ, ಲೆಕ್ಕಕ್ಕೆ ನಿಲ್ಲದು. ತೀವ್ರತೆಯ ಅಂಕಿ ಒಂದು ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದ 7.8 ತೀವ್ರತೆಯ ಕಂಪನದ ಶಕ್ತಿ ಕಂತಿನಲ್ಲಿ ತೀರಬೇಕಿದ್ದರೆ 4.8ರ ಕಂಪನಗಳೇ 30,000ಕ್ಕೂ ಹೆಚ್ಚು ಬೇಕಿತ್ತು. ಅಷ್ಟು ಕಂತು ಕಟ್ಟುವ ತಾಳ್ಮೆ ಯಾವ ಭೂಮಿಗಿದೆ?

ನಮ್ಮ ಬೀದರ್, ಕಲಬುರಗಿಗಳಿಗೆ ದೂರವಲ್ಲದ ಕಿಲ್ಲಾರಿಯಲ್ಲಿ 1992ರ ಅಕ್ಟೋಬರಿನಲ್ಲೇ ಸಣ್ಣ ಕಂಪನಗಳು ಬಂದುಹೋಗಿದ್ದವು. ಒತ್ತಡವೇನೂ ಇಳಿಯಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದವರ ಮೇಲೆ ಕಲ್ಲು-ಮಣ್ಣಿನ ಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ ಕುಸಿದವು.

‘ದೊಡ್ಡದು ಮುಗಿಯಿತು, ಇನ್ನು ಬರುವುದೆಲ್ಲ ಚಿಲ್ಲರೆ’ ಎಂಬುದು ಅರ್ಧ ನಿಜ, ಅದಕ್ಕೇ ಹೆಚ್ಚು ಅಪಾಯ. ಪಶ್ಚಾತ್ ಕಂಪನಗಳು ದಿನ ಕಳೆದಂತೆ ವಿರಳವಾಗುತ್ತವೆ. ಹತ್ತನೆಯ ದಿನಕ್ಕೆ ಮೊದಲ ದಿನದ ಸುಮಾರು ಹತ್ತರಲ್ಲೊಂದು ಪಾಲು ಎಂಬ ಲೆಕ್ಕದ ಸೂತ್ರವನ್ನು ಜಪಾನಿನ ಒಮೊರಿ 1894ರಲ್ಲೇ ಕೊಟ್ಟರು. ಆದರೆ ಇಳಿಯುವುದು ಎಣಿಕೆ. ಗಾತ್ರವೂ ಹಾಗೆಯೇ ಇಳಿಯಬೇಕೆಂದಿಲ್ಲ. ನೇಪಾಳದಲ್ಲಿ ಬಯಲಲ್ಲಿ ಟಾರ್ಪಾಲಿನ ಕೆಳಗೆ ಮಲಗುತ್ತಿದ್ದ ಜನ ಮನೆಗೆ ಮರಳತೊಡಗಿದ್ದರು. ಮೇ 12ರ ಮಧ್ಯಾಹ್ನ 7.3ರದ್ದು ಬಂತು, 200ಕ್ಕೂ ಹೆಚ್ಚು ಜನ ಸತ್ತರು. ಮೊದಲ ಪೆಟ್ಟಿಗೆ ಸೀಳಿದ ಗೋಡೆಗೆ ಎರಡನೆಯದು ಚಿಕ್ಕದಾದರೂ ಸಾಕು. ಕಂಬಕ್ಕೆ ತೊಲೆ ಸೇರುವಲ್ಲಿ ಓರೆ ಬಿರುಕು ಕಂಡರೆ, ಎಂಜಿನಿಯರ್ ನೋಡಿ ಒಪ್ಪುವ ತನಕ ಒಳಗೆ ಕಾಲಿಡಬಾರದು, ‘ಒಂದೇ ನಿಮಿಷ, ದಾಖಲೆ ತಂದುಬಿಡುತ್ತೇನೆ’ ಎಂದುಕೊಂಡೂ.

ನೇಪಾಳದ ಕಂಪನದ ಹೊತ್ತಿನಲ್ಲಿ ವಾಟ್ಸ್‌ಆ್ಯಪಿನಲ್ಲಿ ನಾಸಾ ಹೆಸರಿನ ಸಂದೇಶವೂ ಓಡಾಡಿತು: ಇಂಥ ಹೊತ್ತಿಗೆ ಇನ್ನೂ ದೊಡ್ಡದು ಬರಲಿದೆಯಂತೆ. ಭೂಕಂಪದ ದಿನ, ಗಳಿಗೆ ಹೇಳುವ ವಿದ್ಯೆ ನಾಸಾಕ್ಕೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಗಂಟೆ ನಿಮಿಷ ಬರೆದಿದ್ದರೆ ಅದು ಸುಳ್ಳು ಎನ್ನಲು ಅಷ್ಟೇ ಸಾಕು.

ಬಾಗಿಲ ಚೌಕಟ್ಟಿನಡಿ ನಿಲ್ಲುವುದೂ ಹಳೆಯ ಸಲಹೆಯೇ. ಈಗಿನ ಕಟ್ಟಡಗಳಲ್ಲಿ ಚೌಕಟ್ಟಿಗೆ ವಿಶೇಷ ಬಲವಿಲ್ಲ, ಬೀಸುವ ಕದ ಬೆರಳು ಜಜ್ಜೀತು. ಬಹುಮಹಡಿಯಲ್ಲಿದ್ದರೆ ನಡುಗುವಾಗ ಮೆಟ್ಟಿಲಿಗೆ ಓಡುವುದೂ ಬೇಡ. ಗಟ್ಟಿ ಮೇಜಿನಡಿ ನುಸುಳಿ, ಅದರ ಕಾಲು ಬಿಗಿಯಾಗಿ ಹಿಡಿದುಕೊಳ್ಳಿ. ಮೇಜೂ ಜಾರುತ್ತದೆ, ಜೊತೆಗೆ ನೀವೂ ಜಾರಬೇಕು.