ದಂಪತಿ ಆಪ್ತಸಮಾಲೋಚನೆ: ಹೋಗುವ ಮುನ್ನ ತಿಳಿದಿರಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಗಂಡ-ಹೆಂಡತಿ ಜಗಳ ಬಿಗಡಾಯಿಸಿದರೆ ಮೊದಲು ತವರಿಗೆ ಫೋನು, ಆಮೇಲೆ ಹಿರಿಯರ ಪಂಚಾಯಿತಿ, ಕೊನೆಗೆ ಠಾಣೆ ಇಲ್ಲವೇ ಕೋರ್ಟು. ಇವೆಲ್ಲಕ್ಕೂ ಮೊದಲು ಇಬ್ಬರೂ ಕೂತು ಮಾತಾಡಲು ಆಪ್ತಸಮಾಲೋಚನೆ ಇದೆ. ಆದರೆ ಅದರ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು.

ತಪ್ಪು ಕಲ್ಪನೆ: ವಿಚ್ಛೇದನದ ಹಂತಕ್ಕೆ ಬಂದವರಿಗೆ ಮಾತ್ರ ಸಮಾಲೋಚನೆ.
ಸತ್ಯ: ವಿಚ್ಛೇದನದ ಅರ್ಜಿ ಬಂದಾಗ ರಾಜಿಗೆ ಪ್ರಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಮಿನಂತೆ ನ್ಯಾಯಾಲಯದ ಕರ್ತವ್ಯ. ಅಷ್ಟರಲ್ಲಿ ಮನಸ್ಸುಗಳು ಮುರಿದಿರುತ್ತವೆ. ಒಂದೇ ಜಗಳ ಮತ್ತೆ ಮತ್ತೆ ಮರುಕಳಿಸತೊಡಗಿದಾಗಲೇ ಹೋಗುವುದು ಒಳ್ಳೆಯದು.

ತಪ್ಪು ಕಲ್ಪನೆ: ಮಠ, ಹಿರಿಯರು ಇರುವಾಗ ಇದೆಲ್ಲ ಏಕೆ?
ಸತ್ಯ: ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಎಷ್ಟೋ ವ್ಯಾಜ್ಯಗಳನ್ನು ಕೋರ್ಟಿನ ಹೊರಗೇ ಬಗೆಹರಿಸಿದೆ. ಆ ಹಿರಿತನಕ್ಕೆ ಬೆಲೆ ಇದ್ದೇ ಇದೆ. ಆದರೆ ನ್ಯಾಯ ಹೇಳುವುದು ಬೇರೆ, ಸಮಾಲೋಚನೆ ಬೇರೆ. ಸಮಾಲೋಚಕರು ತೀರ್ಪು ಕೊಡುವುದಿಲ್ಲ, ತೀರ್ಮಾನ ಇಬ್ಬರದೇ.

ತಪ್ಪು ಕಲ್ಪನೆ: ತಯಾರಿ ಎಂದರೆ ಸಾಕ್ಷಿ ಕೂಡಿಸುವುದು.
ಸತ್ಯ: ವಾಟ್ಸಾಪ್ ಮೆಸೇಜುಗಳ ರಾಶಿ, ತವರಿನವರ ದಂಡು ಯಾವುದೂ ಬೇಡ. ಇಬ್ಬರೂ ಬೇರೆ ಬೇರೆ ಕೂತು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಏನು ನೋವಾಗಿದೆ, ಏನು ಬದಲಾಗಬೇಕು, ನಾನೇನು ಬದಲಿಸಿಕೊಳ್ಳುತ್ತೇನೆ. ‘ನೀವು ಯಾವತ್ತೂ ನನ್ನ ಮಾತು ಕೇಳಲ್ಲ’ ಎಂದರೆ ಎದುರಿನವರು ವಾದಕ್ಕಿಳಿಯುತ್ತಾರೆ. ‘ಅಡಿಕೆ ದುಡ್ಡು ಬಂದಾಗ ನನಗೊಂದು ಮಾತು ಹೇಳದೆ ಸಾಲಕ್ಕೆ ಕಟ್ಟಿದಿರಿ, ನಾನು ಲೆಕ್ಕಕ್ಕೇ ಇಲ್ಲ ಅನಿಸಿತು’ ಎಂದರೆ ಮಾತು ಮುಂದುವರಿಯುತ್ತದೆ. ಸಾಲ, ಕುಡಿತ, ಕಾಯಿಲೆ, ಸೇವಿಸುತ್ತಿರುವ ಮಾತ್ರೆ ಇವನ್ನು ಮುಚ್ಚಿಡಬೇಡಿ. ಮೊದಲ ದಿನವೇ ಎಲ್ಲ ಸರಿಹೋಗಲಿ ಎಂದೂ ಬಯಸಬೇಡಿ.

ತಪ್ಪು ಕಲ್ಪನೆ: ದುಡ್ಡು ಬೇಕು, ಊರಿಗೆಲ್ಲ ಸುದ್ದಿಯಾಗುತ್ತದೆ.
ಸತ್ಯ: ಕಾನೂನಿನ ಸಲಹೆಯೂ ಬೇಕಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಕಾನೂನು ನೆರವು ಉಚಿತ, ಸಹಾಯವಾಣಿ 15100. ಮನಸ್ಸಿನ ತೊಳಲಾಟಕ್ಕೆ 2022ರಲ್ಲಿ ಶುರುವಾದ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಗುಟ್ಟು ಕಾಯುವುದು ಸಮಾಲೋಚಕರ ವೃತ್ತಿಧರ್ಮ. ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಉಂಟು. ಗುಟ್ಟಿನ ಮಿತಿ ಏನೆಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ.

ತಪ್ಪು ಕಲ್ಪನೆ: ಹೊಡೆತ-ಬಡಿತ ಇದ್ದರೂ ಜೊತೆಗೆ ಕೂರಿಸಿದರೆ ಸರಿಹೋಗುತ್ತದೆ.
ಸತ್ಯ: ಹೆದರಿಕೆ ಇರುವ ಕಡೆ ಬಾಯಿ ಬಿಡುವುದು ಹೇಗೆ? ಅಲ್ಲಿ ಮೊದಲು ಬೇಕಿರುವುದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳು, ನ್ಯಾಯಾಲಯ ಸೂಚಿಸಿದ ಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡುವಂತೆಯೇ ಇಲ್ಲ ಎನ್ನುತ್ತವೆ. ‘ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಸಮಾಲೋಚನೆ ಗೆದ್ದಿತು ಎನ್ನಲು ಇಬ್ಬರೂ ಒಂದಾಗಲೇಬೇಕೆಂದಿಲ್ಲ. ಮಕ್ಕಳ ಎದುರು ಕಿತ್ತಾಡದೆ ಗೌರವದಿಂದ ದೂರವಾಗುವುದೂ ಒಂದು ದಾರಿಯೇ. ಹೋಗುವುದೆಂದು ನಿಶ್ಚಯಿಸಿದ್ದರೆ, ಸಂಗಾತಿಯ ತಪ್ಪಿನ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು, ನೀವು ಬದಲಿಸಿಕೊಳ್ಳಬೇಕಾದ ಒಂದನ್ನಾದರೂ ಗುರುತು ಮಾಡಿಕೊಂಡು ಹೋಗಿ.