ಹೆಗಲಿನ ಉಳುಕು

ಆಟದ ಬಯಲಿನಲ್ಲಿ ಬಿದ್ದು ಬಂದ ಹುಡುಗನಿಗೆ ನಮ್ಮ ಮನೆಗಳಲ್ಲಿ ನಡೆಯುವ ಮೊದಲನೆಯ ಉಪಚಾರವು ನೀವುವುದು, ಎರಡನೆಯದು ಎಳೆಯುವುದು. ಹೆಗಲಿಗೆ ಪೆಟ್ಟು ತಗುಲಿದಾಗ ಇವೆರಡೂ ಕೂಡದು. ಇದನ್ನು ನಾವು ಪಶ್ಚಾತ್ತಾಪದಿಂದ ಕಲಿತೆವು.

ನಾವು ಉಪಾಧ್ಯಾಯರಾಗಿದ್ದಾಗ, ಕಬಡ್ಡಿಯ ಪಂದ್ಯವೊಂದರಲ್ಲಿ ಬಾಲಕನೊಬ್ಬನು ಹೆಗಲಿನ ತುದಿಯ ಮೇಲೆ ಬಿದ್ದನು. ಎಲುಬು ಮುರಿದಂತೆ ತೋರಲಿಲ್ಲ. "ಏನೂ ಇಲ್ಲವಪ್ಪಾ, ಉಳುಕಿದೆ" ಎಂದು ಸಮಾಧಾನ ಹೇಳಿ, ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿಸಿದೆವು. ನಾಲ್ಕನೆಯ ದಿನ ಮತ್ತೆ ಆಟಕ್ಕೆ ಇಳಿಸಿದೆವು. ಎರಡನೆಯ ಸಲ ಬಿದ್ದಾಗ ಹೆಗಲ ಮೇಲೆ ಎಲುಬಿನ ಗಂಟು ಎದ್ದು ನಿಂತಿತು. ನೋವು ಕೆಲವು ತಿಂಗಳ ಮೇಲೆ ಹೋಯಿತು, ಗಂಟು ಉಳಿಯಿತು. ಅವನ ತಾಯಿ ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಹೆಗಲಿನಲ್ಲಿ ಮುಖ್ಯವಾಗಿ ಎರಡು ಸಂಧಿಗಳನ್ನು ವಾಚಕರು ತಿಳಿದಿರಬೇಕು. ತೋಳೆಲುಬಿನ ಗುಂಡನೆಯ ತಲೆಯು ಆಳವಿಲ್ಲದ ಬಟ್ಟಲಿನಲ್ಲಿ ತಿರುಗುವುದು ಒಂದು. ಕೊರಳೆಲುಬಿನ ಹೊರತುದಿಯು ಹೆಗಲ ಹಲಗೆಯ ಚಾಚಿಗೆ ಕೂಡುವುದು ಇನ್ನೊಂದು. ಕುಸ್ತಿ, ಕಬಡ್ಡಿ, ಬೈಸಿಕಲ್ಲುಗಳಲ್ಲಿ ಹೆಗಲಿನ ತುದಿಯ ಮೇಲೆ ಬಿದ್ದವರಿಗೆ ಉಳುಕುವುದು ಈ ಎರಡನೆಯದೇ. ಅಲ್ಲಿಯ ಅಸ್ಥಿರಜ್ಜುಗಳು ಬರಿಯೆ ಹಿಗ್ಗಿದರೆ ಮೊದಲನೆಯ ದರ್ಜೆ. ಸಂಧಿಯ ಕಟ್ಟು ಹರಿದರೆ ಎರಡನೆಯದು. ಅದರೊಡನೆ ಕೊರಳೆಲುಬನ್ನು ಕೆಳಗೆ ಬಿಗಿದಿರುವ ಬಲವಾದ ಕಟ್ಟೂ ಹರಿದರೆ ಮೂರನೆಯದು. ಆಗ ಎಲುಬಿನ ತುದಿ ಮೇಲೆದ್ದು ಕಾಣುವುದು.

ಪೆಟ್ಟು ತಗುಲಿದೊಡನೆ ಆಟವನ್ನು ನಿಲ್ಲಿಸತಕ್ಕದ್ದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು, ಮೊಣಕೈಯನ್ನು ಆತುಕೊಳ್ಳುವಂತೆ ಕೊರಳಿಗೆ ಬಟ್ಟೆಯ ಜೋಲಿ ಕಟ್ಟಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮುರಿತವಿಲ್ಲವೆಂದು ಕ್ಷ-ಕಿರಣದ ಚಿತ್ರವೇ ಹೇಳಬೇಕು, ನಮ್ಮ ಬೆರಳುಗಳಲ್ಲ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಇಲ್ಲವೆ ಹೆಗಲಿನ ಆಕಾರ ಕೆಟ್ಟರೆ ತಡಮಾಡಲಾಗದು.

ಮೊದಲೆರಡು ದರ್ಜೆಗಳಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮೂರನೆಯದೂ ಬಹುಮಟ್ಟಿಗೆ ಶಸ್ತ್ರವಿಲ್ಲದೆ ಗುಣವಾಗುತ್ತದೆ. ನೋವು ಇಳಿದ ಮೇಲೆ ತೋಳನ್ನು ಮೆಲ್ಲನೆ ಆಡಿಸುವುದು, ತರುವಾಯ ಬಲ ತುಂಬುವ ವ್ಯಾಯಾಮ: ಈ ಕ್ರಮವನ್ನು ಮೀರಬಾರದು. ಹೆಚ್ಚು ದಿನ ಕಟ್ಟಿಯೇ ಇಟ್ಟರೆ ಕೀಲು ಬಿಗಿಯುವುದು. ಸಾಮಾನ್ಯವಾಗಿ ಮೊದಲನೆಯದಕ್ಕೆ ಎರಡು ವಾರ, ಎರಡನೆಯದಕ್ಕೆ ಆರು ವಾರ, ಮೂರನೆಯದಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು.

ದೊಡ್ಡ ಸಂಧಿಯೇ ತಪ್ಪಿದರೆ ಅದು ಉಳುಕಲ್ಲ. ಸುಶ್ರುತಸಂಹಿತೆಯು ಸಂಧಿಮುಕ್ತವನ್ನು 6 ಬಗೆಯಾಗಿ ವಿಂಗಡಿಸಿ, ಹೆಗಲಿನ ವಿಷಯದಲ್ಲಿ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೀಲನ್ನು ಸ್ವಸ್ಥಾನಕ್ಕೆ ತರುವುದನ್ನೂ, ಬಳಿಕ ಸ್ವಸ್ತಿಕವೆಂಬ ಕಟ್ಟನ್ನೂ ವಿಧಿಸಿದೆ. ಇದನ್ನು ಓದಿ ಯಾರೂ ಒನಕೆಗೆ ಕೈಹಾಕಬಾರದು! ಅದು ಬಲ್ಲವನ ಕೈಯ ಕೆಲಸ. ತಿಳಿಯದೆ ಎಳೆದರೆ ನರವೂ ರಕ್ತನಾಳವೂ ಕೆಡುವ ಭಯವುಂಟು.

ಎರಡೂ ತೋಳುಗಳು ಸಮನಾಗಿ, ನೋವಿಲ್ಲದೆ, ತಲೆಯ ಮೇಲಕ್ಕೆ ಏಳುವವರೆಗೆ, ಬಲವೂ ಸಮನಾಗುವವರೆಗೆ ಹುಡುಗನನ್ನು ಆಟಕ್ಕೆ ಕಳುಹಿಸಬೇಡಿರಿ. ಅವನು ಅತ್ತು ಕರೆಯಬಹುದು. ಗೆಳೆಯರು ಬಾಗಿಲಿಗೆ ಬಂದು ಕೂಗಬಹುದು. ಪಂದ್ಯಗಳು ಮುಂದಿನ ವರ್ಷವೂ ಬರುತ್ತವೆ. ಆ ಒಂದು ಮಾತನ್ನು ಅಂದು ನಮಗೆ ಯಾರೂ ಹೇಳಲಿಲ್ಲ. ಅದಕ್ಕಾಗಿಯೇ ಇಂದು ಇಷ್ಟನ್ನು ಬರೆದೆವು.